ದನಗಳ್ಳ ಕಾಣದ ಸಂಜೆ

"ಗುರುಗಳೇ, ದನ ಕದ್ದವನಿಗೆ ಎಷ್ಟು ಶಿಕ್ಷೆಯಾದರೆ ಸಾಕು?"

ಶಿಷ್ಯ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯ ಮೇಲೆ ಕುಳಿತು ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಊಟದೆಲೆ ಹಚ್ಚುತ್ತಿದ್ದರು. ಅವರು ತಲೆ ಎತ್ತಲಿಲ್ಲ.

"ಕದ್ದವರು ಯಾರು?" ಎಂದರು.

"ನಮ್ಮ ಮಠದ ದನ ಕಾಯುವವನು. ನಿನ್ನೆ ಸಂಜೆ ಒಂದು ಕಡಸು ಕೊಟ್ಟಿಗೆಗೆ ಬರಲಿಲ್ಲ. ಎಲ್ಲಿ ಎಂದು ಕೇಳಿದರೆ ಗೊತ್ತಿಲ್ಲ ಎಂದ. ಅವನನ್ನು ಆಗಲೇ ಹೊರಗೆ ಹಾಕಿದೆ. ಅಷ್ಟಕ್ಕೇ ಬಿಡಬಾರದಿತ್ತು, ಪೊಲೀಸರಿಗೆ ಒಪ್ಪಿಸಬೇಕಿತ್ತು ಎಂದು ಕೆಲವರು ಅನ್ನುತ್ತಾರೆ. ಬಡವ, ಕೆಲಸ ಹೋದದ್ದೇ ಸಾಕು ಎಂದು ಇನ್ನು ಕೆಲವರು. ಕೊಟ್ಟಿಗೆಯ ಮೇಲ್ವಿಚಾರಣೆ ನನ್ನದು. ಎಷ್ಟು ಸಾಕು ಎಂದು ತಾವು ಹೇಳಿಬಿಟ್ಟರೆ ಅಷ್ಟೇ ಮಾಡುತ್ತೇನೆ."

"ಸಾಕು ಎಂಬ ಮಾತು ನಿನ್ನ ಬಾಯಲ್ಲಿ ಅಪರೂಪ" ಎಂದರು ಗುರುಗಳು. "ಪಾಯಸ ಬಡಿಸುವಾಗ ನಾನು ಒಮ್ಮೆಯೂ ಕೇಳಿಲ್ಲ."

ಶಿಷ್ಯ ನಕ್ಕ. ಆದರೆ ಎದ್ದು ಹೋಗಲಿಲ್ಲ. ಅವನಿಗೆ ಉತ್ತರ ಬೇಕಿತ್ತು.

"ಬಹಳ ಶಿಕ್ಷೆಯಾದ ಒಬ್ಬ ದನಗಳ್ಳನ ಕತೆ ನನಗೆ ಗೊತ್ತು" ಎಂದರು ಗುರುಗಳು. "ಅವನಿಗೆ ಸಾಕಾಯಿತೇ ಇಲ್ಲವೇ, ನೀನೇ ಲೆಕ್ಕ ಹಾಕು. ಸುಮ್ಮನೆ ಕೂರಬೇಡ. ಆ ಎಲೆಗಳನ್ನು ಒಂದೊಂದಾಗಿ ಒರೆಸಿ ಕೊಡು."

ಶಿಷ್ಯ ಎಲೆಯ ಕಂತೆಯನ್ನು ಮುಂದಕ್ಕೆ ಎಳೆದುಕೊಂಡ. ಗುರುಗಳು ಹೇಳತೊಡಗಿದರು.

ಬಿಳಿ ದೊರೆಗಳು ಆಳುತ್ತಿದ್ದ ಕಾಲ. ಒಬ್ಬ ದನಗಳ್ಳನಿದ್ದ. ಕಳ್ಳ ಎಂದ ಕೂಡಲೇ ನೀನು ಕತ್ತಲೆಯನ್ನೂ ಕನ್ನದ ಕೋಲನ್ನೂ ನೆನೆಸಿಕೊಳ್ಳುತ್ತೀಯೆ. ಇವನು ಅಂಥವನಲ್ಲ. ಕೊಟ್ಟಿಗೆಗೆ ನುಗ್ಗುವವರನ್ನು ಕಂಡರೆ ಇವನಿಗೆ ತಾತ್ಸಾರ. ಇವನ ಕೆಲಸವೆಲ್ಲ ನಡುಹಗಲಿನಲ್ಲಿ, ಬಯಲಿನಲ್ಲಿ, ಊರಿನ ದನವೆಲ್ಲ ಮೇಯುವ ಜಾಗದಲ್ಲಿ.

ಆ ಸೀಮೆಯಲ್ಲಿ ಒಂದು ಪದ್ಧತಿಯಿತ್ತು. ಊರಿಗೆಲ್ಲ ಒಬ್ಬನೇ ದನಗಾಹಿ. ಬೆಳಿಗ್ಗೆ ಅವನು ಬೀದಿಯಲ್ಲಿ ಕೂಗುತ್ತ ಬಂದರೆ ಮನೆಮನೆಯವರು ಹಗ್ಗ ಬಿಚ್ಚುತ್ತಿದ್ದರು. ಸಂಜೆ ಅವನು ದನಗಳನ್ನು ಊರಬಾಗಿಲಿಗೆ ತಂದುಬಿಟ್ಟರೆ ಒಂದೊಂದು ಹಸುವೂ ತನ್ನ ಮನೆಯನ್ನು ತಾನೇ ಹುಡುಕಿಕೊಂಡು ಒಳಗೆ ಹೋಗುತ್ತಿತ್ತು. ಆಮೇಲೆ ದನಗಾಹಿ ಒಂದು ಪಾತ್ರೆ ಹಿಡಿದು ಮನೆಮನೆಯ ಮುಂದೆ ನಿಲ್ಲುತ್ತಿದ್ದ. ಪ್ರತಿ ಮನೆಯಿಂದಲೂ ಅವನಿಗೆ ಒಂದು ಪಾಲು ಊಟ. ಹಸು ಬಂದ ಮನೆಯ ಬಾಗಿಲು ಅವನಿಗೆ ತೆರೆದಿರುತ್ತಿತ್ತು.

ಕಳ್ಳ ಈ ದನಗಾಹಿಗಳ ಬಳಿಯೇ ಬಂದು ಕೂರುತ್ತಿದ್ದ. ದಾರಿಹೋಕನಂತೆ ನೀರು ಕೇಳುತ್ತಿದ್ದ. ಎಲೆ ಅಡಿಕೆಯ ಚೀಲ ಬಿಚ್ಚುತ್ತಿದ್ದ. ಮಾತಿಗೆ ಅವನು ಜಾಣ. ದಿನವಿಡೀ ದನಗಳ ಜೊತೆಯೇ ಇರುವವನಿಗೆ ಮಾತಾಡುವ ಮನುಷ್ಯನೊಬ್ಬ ಸಿಕ್ಕರೆ ಎಷ್ಟು ಸಂತೋಷ ಎಂದು ಅವನು ಬಲ್ಲವನಾಗಿದ್ದ. ದನಗಾಹಿಗೆ ಜೊಂಪು ಹತ್ತಿದ ಕೂಡಲೇ ಇವನು ಏಳುತ್ತಿದ್ದ. ಬೇಕಾದ ಹಸುವಿನ ಗಂಟೆಯೊಳಗೆ ಹುಲ್ಲು ತುರುಕಿ ಸದ್ದಡಗಿಸುತ್ತಿದ್ದ. ಸೊಂಟದ ಗಂಟಿನಿಂದ ಉಪ್ಪು ತೆಗೆದು ಅಂಗೈಯಲ್ಲಿ ತೋರಿಸಿ ಮುಂದೆ ನಡೆಯುತ್ತಿದ್ದ. ಹಸು ನೆಕ್ಕುತ್ತ ಹಿಂದೆ ಬರುತ್ತಿತ್ತು. ಹೆಜ್ಜೆಯ ಗುರುತು ಉಳಿಯದ ಹಾಗೆ ಹಳ್ಳದ ನೀರಿನೊಳಗೇ ನಡೆಸಿಕೊಂಡು ಹೋಗುತ್ತಿದ್ದ. ಸಂಜೆಯೊಳಗೆ ಹಸು ಇನ್ನೊಬ್ಬನ ಕೈ ಸೇರುತ್ತಿತ್ತು. ಹೀಗೆ ಅವನು ಬಹಳ ಹಸುಗಳನ್ನು ಬಲ್ಲ. ಆದರೆ ಯಾವುದನ್ನೂ ಒಂದು ಹಗಲಿಗಿಂತ ಹೆಚ್ಚು ಬಲ್ಲವನಲ್ಲ.

ಒಂದು ಸಲ ಅವನು ಒಂದು ಊರಿನ ದನಗಾಹಿಯ ಪಕ್ಕದಲ್ಲಿ ಕುಳಿತ. ಅವನೊಬ್ಬ ನಡುವಯಸ್ಸಿನ ಮನುಷ್ಯ. ಬಲು ಮಾತಿನವನು. ತನ್ನ ದನಗಳ ಬಗ್ಗೆ ಅವನಿಗೆ ಎಲ್ಲಿಲ್ಲದ ಹೆಮ್ಮೆ. ಇದು ಹಾಯುತ್ತದೆ, ಇದು ಸೋಮಾರಿ, ಇದಕ್ಕೆ ಮೋಡ ಕಂಡರೆ ಹೆದರಿಕೆ ಎಂದು ಒಂದೊಂದನ್ನೂ ತೋರಿಸಿದ. ಹಣೆಯ ಮೇಲೆ ಬಿಳಿ ಚಂದ್ರನಿದ್ದ ಒಂದು ಹಸುವನ್ನು ತೋರಿಸಿ, ಇವಳು ಚಂದ್ರಿ, ಕರು ಮನೆಯಲ್ಲಿದೆ, ಬಲು ಸಾಧು, ಉಪ್ಪು ಹಿಡಿದರೆ ಯಾರ ಹಿಂದೆ ಬೇಕಾದರೂ ಹೋಗುತ್ತಾಳೆ ಎಂದು ನಕ್ಕ. ಕಳ್ಳನೂ ನಕ್ಕ. ಇಬ್ಬರೂ ಎಲೆ ಹಾಕಿಕೊಂಡರು. ಆಮೇಲೆ ದನಗಾಹಿಗೆ ಕಣ್ಣು ಹತ್ತಿತು. ಕಳ್ಳ ಚಂದ್ರಿಗೆ ಉಪ್ಪು ಹಿಡಿದ.

ಕೆಲವು ತಿಂಗಳು ಕಳೆದ ಮೇಲೆ ಅವನು ಸಿಕ್ಕಿಬಿದ್ದ. ದೂರದ ಸಂತೆಯಲ್ಲಿ ಬೇರೊಂದು ಹಸುವನ್ನು ಮಾರುತ್ತಿದ್ದಾಗ ಅದರ ಒಡೆಯ ಗುರುತು ಹಿಡಿದ. ಒಂದು ಎಳೆದರೆ ಎಲ್ಲವೂ ಬಿಚ್ಚಿಕೊಂಡಿತು. ಚಂದ್ರಿಯೂ ಒಬ್ಬ ವ್ಯಾಪಾರಿಯ ಕೊಟ್ಟಿಗೆಯಲ್ಲಿ ಸಿಕ್ಕಿತು. ಅದರ ಒಡೆಯನಾದ ರೈತನನ್ನು ನ್ಯಾಯಾಲಯಕ್ಕೆ ಕರೆಸಿದರು. ಅಂಗಳದಲ್ಲಿ ಕಟ್ಟಿದ್ದ ಹಸುವನ್ನು ಕಂಡು ರೈತ "ಚಂದ್ರೀ" ಎಂದು ಕರೆದ. ಹಸು ಕಿವಿ ನಿಮಿರಿಸಿ ತಿರುಗಿತು. ಅದೇ ಸಾಕ್ಷಿಯಾಯಿತು. ಹಗ್ಗ ಹಿಡಿದು ಹೊರಟ ರೈತ ಅಂಗಳದಲ್ಲೇ ನಿಲ್ಲಿಸಿದ್ದ ಕಳ್ಳನ ಕಡೆ ಒಮ್ಮೆಯೂ ನೋಡಲಿಲ್ಲ.

ಇವನನ್ನು ಈ ದೇಶದಲ್ಲಿಟ್ಟರೆ ದನಗಳಿಗೆ ನೆಮ್ಮದಿಯಿಲ್ಲ ಎಂದು ನ್ಯಾಯಾಧೀಶ ಕರಿನೀರಿನ ಶಿಕ್ಷೆ ಬರೆದ. ಹಸು ಮನೆಗೆ ಹೋಯಿತು. ಕಳ್ಳ ಕಡಲಿಗೆ ಹೋದ. ಕಾಗದದ ಮೇಲೆ ನೋಡಿದರೆ ಎಲ್ಲ ಸರಿಹೋಯಿತು, ಅಲ್ಲವೇ?

"ಸರಿಹೋಯಿತಲ್ಲ, ಗುರುಗಳೇ" ಎಂದ ಶಿಷ್ಯ.

"ಹಾಗಾದರೆ ಕತೆ ಇಲ್ಲಿಗೇ ನಿಲ್ಲಿಸೋಣವೇ?"

"ಬೇಡ, ಹೇಳಿ. ಕಡಲಾಚೆ ಏನಾಯಿತು?"

ಗುರುಗಳು ಹೇಳಿದರು.

ಕೈದಿಗಳನ್ನು ಕಾಲಿಗೆ ಬೇಡಿ ಹಾಕಿ ಹಡಗಿನ ಹೊಟ್ಟೆಯಲ್ಲಿ ತುಂಬಿದರು. ಕರಿನೀರು ದಾಟಿದರೆ ಜಾತಿ ಹೋಯಿತು, ಊರು ಹೋಯಿತು, ಸತ್ತರೆ ಮಣ್ಣು ಹಾಕುವವರೂ ಇಲ್ಲ ಎಂದು ಎಲ್ಲರೂ ಗೋಳಾಡಿದರು. ಕಳ್ಳನೂ ಅತ್ತ. ಆದರೆ ಅವನದು ವಿಚಿತ್ರ ಸ್ವಭಾವ. ಅಳುವಾಗಲೂ ಕಣ್ಣು ಸುಮ್ಮನಿರದು. ಗಾಳಿಗೆಂದು ಮೇಲೆ ಬಿಟ್ಟಾಗ ಅವನು ಹಡಗಿನ ಹಿಂದುಗಡೆ ನಿಂತು ನೀರನ್ನೇ ನೋಡುತ್ತಿದ್ದ. ಹಡಗು ಹೋದ ದಾರಿಯಲ್ಲಿ ಒಂದಿಷ್ಟು ನೊರೆ ಏಳುತ್ತಿತ್ತು, ಕ್ಷಣದಲ್ಲಿ ಮುಚ್ಚಿಹೋಗುತ್ತಿತ್ತು. ಇಷ್ಟು ದೊಡ್ಡ ಹಡಗು ಹಾದರೂ ಗುರುತಿಲ್ಲವಲ್ಲ ಎಂದು ಅವನಿಗೆ ಆಶ್ಚರ್ಯ. ತಾನು ಹಳ್ಳದ ನೀರಿನಲ್ಲಿ ಮಾಡುತ್ತಿದ್ದ ಕೆಲಸವನ್ನು ದೊರೆಗಳು ಕಡಲಿನಲ್ಲಿ ಮಾಡುತ್ತಿದ್ದಾರೆ ಎಂದುಕೊಂಡ. ತುಟಿಗೆ ಹಾರಿದ ನೀರನ್ನು ನೆಕ್ಕಿ ನೋಡಿದ. ಉಪ್ಪಾಗಿತ್ತು.

ಅದೊಂದು ದ್ವೀಪ. ಬೇಡಿ ತೊಟ್ಟ ಕಾಲಿನಲ್ಲೇ ಕಾಡು ಕಡಿಯಬೇಕು. ಜೌಗು ನೆಲಕ್ಕೆ ಕಾಲುವೆ ತೋಡಬೇಕು. ಜಿಗಣೆ, ಜ್ವರ, ಚಾಟಿಯ ಏಟು. ಜೊತೆಗೆ ಬಂದವರಲ್ಲಿ ಬಹಳ ಮಂದಿ ಸತ್ತರು. ಕಳ್ಳ ಸಾಯಲಿಲ್ಲ. ಯಾಕೆ ಸಾಯಲಿಲ್ಲ ಎಂದು ಅವನಿಗೂ ತಿಳಿಯದು. ಯೌವನವೆಲ್ಲ ಅಲ್ಲಿ ಕರಗಿತು. ಕೂದಲು ನರೆಯುವ ಹೊತ್ತಿಗೆ, ಇವನ ನಡತೆ ಚೆನ್ನಾಗಿದೆ ಎಂದು ಬೇಡಿ ಬಿಚ್ಚಿದರು. ಒಂದು ಗುಡಿಸಲು, ಒಂದು ತುಂಡು ಹೊಲ ಕೊಟ್ಟರು. ಸರಕಾರಿ ಮಂದೆಯಿಂದ ಒಂದು ಹಸುವನ್ನೂ ಕೊಟ್ಟರು. ದನಗಳ್ಳನ ಕೈಗೆ ದನ! ಸರಕಾರಕ್ಕೆ ತಮಾಷೆಯೋ ಮರೆವೋ, ಯಾರು ಬಲ್ಲರು. ಕದ್ದು ಓಡಲು ಅಲ್ಲಿ ದಾರಿಯಾದರೂ ಎಲ್ಲಿ? ನಾಲ್ಕು ಕಡೆಯೂ ನೀರು.

ಹಸು ಬೆಳಿಗ್ಗೆ ಕಾಡಂಚಿಗೆ ಮೇಯಲು ಹೋಗುತ್ತಿತ್ತು. ಸಂಜೆ ತಾನೇ ಗುಡಿಸಲಿಗೆ ಬರುತ್ತಿತ್ತು. ಮೊದಲ ಸಂಜೆ ಅದು ಹಾಗೆ ಬಂದಾಗ ಕಳ್ಳ ಬೆರಗಾಗಿ ನಿಂತುಬಿಟ್ಟ. ಉಪ್ಪು ತೋರಿಸದೆ, ಯಾರೂ ಎಳೆಯದೆ, ಒಂದು ಹಸು ತನ್ನ ಬಾಗಿಲಿಗೆ ಬಂದದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ಅಂದಿನಿಂದ ಅವನು ಸಂಜೆಯಾದರೆ ಬಾಗಿಲಲ್ಲಿ ನಿಲ್ಲುತ್ತಿದ್ದ. ಅವನಿಗೆ ಅದಕ್ಕಿಂತ ದೊಡ್ಡ ಸುಖ ಬೇರೆ ಇರಲಿಲ್ಲ.

ಒಂದು ಸಂಜೆ ಹಸು ಬರಲಿಲ್ಲ.

ಕಳ್ಳ ಬಾಗಿಲಲ್ಲೇ ನಿಂತ. ಕೂಗಿದ. ಒಲೆ ಹಚ್ಚಲು ಮನಸ್ಸಾಗಲಿಲ್ಲ. ಬಾಗಿಲು ಮುಚ್ಚಲು ಕೈ ಬರಲಿಲ್ಲ. ಹಸು ಬಾರದಿರುವುದಕ್ಕೆ ಅವನಿಗೆ ಗೊತ್ತಿದ್ದ ಕಾರಣ ಒಂದೇ. ಯಾರೋ ಕದ್ದರು! ಯಾರು? ಪಕ್ಕದ ಗುಡಿಸಲಲ್ಲಿ ಬಡಗಣ ಸೀಮೆಯ ಒಬ್ಬ ಕೈದಿಯಿದ್ದ. ಹೊಲದ ಗಡಿಯ ಜಗಳದಲ್ಲಿ ದಾಯಾದಿಯನ್ನು ಹೊಡೆದು ಕೊಂದು ಬಂದವನು. ಕೊಂದವನು ಕದಿಯಲಾರನೇ? ಕಳ್ಳ ಓಡಿಹೋಗಿ ಅವನ ಕುತ್ತಿಗೆಗೆ ಕೈ ಹಾಕಿದ. ಎಲ್ಲಿ ನನ್ನ ಹಸು ಎಂದು ಅರಚಿದ.

ಆ ಮನುಷ್ಯ ಬಲಶಾಲಿ. ಇವನ ಕೈಯನ್ನು ಬಿಡಿಸಿ ಕೂರಿಸಿದ. ಆಮೇಲೆ ನಗತೊಡಗಿದ.

"ಏ ತಮ್ಮಾ, ತುಂಬಿದ ಆಕಳ ಐತಿ ಅದು. ಈಯಾಕ ಅಡವ್ಯಾಗ ಹೋಗೈತಿ. ಹೊತ್ತು ಮೂಡೂದ್ರಾಗ ಬರತೈತಿ ತಗೋ. ಇಷ್ಟು ದನಾ ಕದ್ದಿ, ಇಷ್ಟೂ ತಿಳೀಲಿಲ್ಲೇನೋ ನಿನಗ?"

ತಿಳಿದಿರಲಿಲ್ಲ. ಹೇಗೆ ತಿಳಿಯಬೇಕು? ಹಸು ಗಬ್ಬವಾಗುವವರೆಗೆ, ಈಯುವವರೆಗೆ, ಅವನು ಯಾವ ಹಸುವನ್ನು ಇಟ್ಟುಕೊಂಡಿದ್ದ? ಈಯುವ ಹೊತ್ತಿಗೆ ಕೆಲವು ಹಸುಗಳು ಮಂದೆ ಬಿಟ್ಟು ಮರೆ ಹುಡುಕುತ್ತವೆ ಎಂದು ರೈತರ ಮನೆಯಲ್ಲಿ ಎಲ್ಲರಿಗೂ ಗೊತ್ತು. ದನಗಳ ಕೆಲಸದಲ್ಲೇ ಮುಪ್ಪಾದ ಕಳ್ಳನಿಗೆ ಅದು ಗೊತ್ತಿರಲಿಲ್ಲ.

ಬೆಳಿಗ್ಗೆ ಹಸು ಬಂತು. ಅದರ ಹಿಂದೆ ಒದ್ದೆ ಮೈಯ ಕರು ತಡವರಿಸುತ್ತ ಬಂತು. ಕಳ್ಳ ಮೊದಲು ನಕ್ಕ, ಆಮೇಲೆ ಅತ್ತ. ಮೊದಲ ಹಾಲಿನಿಂದ ಗಿಣ್ಣು ಕಾಸಿ, ನಾಚಿಕೊಂಡು, ನೆರೆಯವನಿಗೆ ಒಯ್ದು ಕೊಟ್ಟ. ಅವನು ತಿಂದು ಬಾಯಿ ಒರೆಸಿಕೊಂಡ. ಇಬ್ಬರ ನಡುವೆ ಮತ್ತೆ ಆ ಮಾತು ಬರಲಿಲ್ಲ. ಸುಳ್ಳು ಅಪವಾದ ಒಂದು ಬಟ್ಟಲು ಗಿಣ್ಣಿನಲ್ಲಿ ಕರಗಿಹೋಯಿತು ಎಂದು ಕಳ್ಳ ತಿಳಿದ.

ಆದರೆ ಆ ಸಂಜೆ ಅವನ ತಲೆಯಿಂದ ಇಳಿಯಲಿಲ್ಲ. ಹಸು ಹೋಗುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಹಸು ಬಾರದಿರುವುದನ್ನು ನೋಡಿದ್ದು ಅದೇ ಮೊದಲು. ಆಗ ಅವನಿಗೊಂದು ಕುತೂಹಲ ಹುಟ್ಟಿತು. ಚಂದ್ರಿ ಬಾರದ ಸಂಜೆ ಆ ರೈತನ ಮನೆಯಲ್ಲಿ ಏನಾಯಿತು?

ಮೊದಮೊದಲು ಅದು ಸಣ್ಣ ಪ್ರಶ್ನೆಯೇ. ಹೊಲದಲ್ಲಿ ಕಳೆ ಕೀಳುವಾಗ ಬರುತ್ತಿತ್ತು, ಹೋಗುತ್ತಿತ್ತು. ವರ್ಷಗಳು ಹೋದಂತೆ ಅದು ಹೋಗದೆ ಉಳಿಯಿತು. ಕಳ್ಳ ತಾನು ಎಂದೂ ಒಳಗೆ ಕಾಲಿಡದ ಆ ಮನೆಯನ್ನು ಮನಸ್ಸಿನಲ್ಲೇ ಕಟ್ಟಿಕೊಂಡ. ಬಾಗಿಲಲ್ಲಿ ಒಬ್ಬ ಹೆಂಗಸನ್ನು ನಿಲ್ಲಿಸಿದ. ಒಳಗೆ ಕರುವನ್ನು ಕೂಗಿಸಿದ. ರೈತ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹುಡುಕಲು ಹೊರಟಿರಬೇಕು. ಯಾವ ಕಡೆ ಹೊರಟ? ಕರು ಆ ದಿನ ಏನು ಕುಡಿಯಿತು? ಕಳ್ಳನಿಗೆ ಯಾವ ಬೈಗುಳ ಬಿದ್ದಿರಬಹುದು ಎಂದು ತನ್ನನ್ನೇ ಒಂದೊಂದಾಗಿ ಬೈದುಕೊಂಡೂ ನೋಡಿದ. ಯಾವುದೂ ಸರಿ ಅನ್ನಿಸಲಿಲ್ಲ. ಆ ಸೀಮೆಯಿಂದ ಹೊಸ ಕೈದಿಗಳು ಬಂದರೆ ಓಡಿಹೋಗಿ, ಆ ಊರು ಗೊತ್ತೇ, ಆ ಮನೆ ಗೊತ್ತೇ ಎಂದು ಕೇಳುತ್ತಿದ್ದ. ಯಾರಿಗೂ ಗೊತ್ತಿರಲಿಲ್ಲ. ಇವನಿಗೆ ತಲೆ ಕೆಟ್ಟಿದೆ ಎಂದು ಅವರು ಹೋಗುತ್ತಿದ್ದರು.

ಕಡೆಗೆ, ಯಾವುದೋ ಸಂತೋಷಕ್ಕೆ, ದೊರೆಗಳು ಹಳೆಯ ಕೈದಿಗಳನ್ನು ಬಿಡುಗಡೆ ಮಾಡಿದರು. ಇರುವವರು ಇಲ್ಲೇ ಇರಬಹುದು, ಹೋಗುವವರು ಹೋಗಬಹುದು, ಹೋದವರ ಹೊಲ ಮಾತ್ರ ಹೋಯಿತು ಎಂದರು. ಹೆಚ್ಚಿನವರು ಅಲ್ಲೇ ಉಳಿದರು. ಕಳ್ಳ ಹಸುವನ್ನೂ ಬೆಳೆದು ನಿಂತ ಅದರ ಕರುವನ್ನೂ ನೆರೆಯವನ ಅಂಗಳದಲ್ಲಿ ಕಟ್ಟಿ ಹೊರಟುನಿಂತ.

"ಅಲ್ಲಿ ನಿನಗ ಯಾರ ಅದಾರೋ?" ಎಂದು ನೆರೆಯವನು ಕೇಳಿದ.

"ಯಾರೂ ಇಲ್ಲ. ಒಂದು ಮಾತು ಕೇಳೋದೈತೆ."

ಶಿಷ್ಯ ಎಲೆ ಒರೆಸುವುದನ್ನು ನಿಲ್ಲಿಸಿದ್ದ. "ಒಂದು ಮಾತು ಕೇಳಲು ಮನೆ, ಹೊಲ, ಹಸು ಎಲ್ಲವನ್ನೂ ಬಿಟ್ಟನೇ?" ಎಂದ.

"ನೀನೂ ಒಂದು ಮಾತು ಕೇಳಲು ಬಂದವನೇ" ಎಂದರು ಗುರುಗಳು. "ಆದರೆ ನೀನು ಅಡುಗೆಮನೆಯಿಂದ ಜಗಲಿಗೆ ಬಂದೆ, ಅವನು ಕಡಲು ದಾಟಿ ಬಂದ. ಎಲೆ ಕೊಡು."

ಕಳ್ಳ ತನ್ನ ಊರಿನ ಕಡೆ ಹೋಗಲಿಲ್ಲ. ನೆಟ್ಟಗೆ ರೈತನ ಊರಿಗೆ ನಡೆದ. ತಲುಪಿದಾಗ ಸಂಜೆ. ದನಗಳು ಊರಿಗೆ ಬರುತ್ತಿದ್ದವು. ಅವನು ಬೀದಿಯ ಬದಿಗೆ ಸರಿದು ನಿಂತ. ಒಂದೊಂದು ಹಸುವೂ ತನ್ನ ಬಾಗಿಲು ಹುಡುಕಿಕೊಂಡು ಹೋಯಿತು. ಒಂದೂ ತಪ್ಪಲಿಲ್ಲ.

ರೈತ ಮುದುಕನಾಗಿದ್ದ. ಕಳ್ಳನ ಗುರುತು ಅವನಿಗೆ ಹತ್ತಲಿಲ್ಲ. ಹತ್ತುವುದಾದರೂ ಹೇಗೆ, ಅವನು ಅಂದು ನೋಡಿರಲೇ ಇಲ್ಲವಲ್ಲ. ದಾರಿಹೋಕ, ಈ ರಾತ್ರಿ ಜಗಲಿಯ ಮೇಲೆ ಮಲಗಿ ಹೋಗುತ್ತೇನೆ ಎಂದು ಕಳ್ಳ ಕೇಳಿದ. ರೈತ ಕಂಬಳಿ ಹಾಸಿಕೊಟ್ಟ. ಕಳ್ಳ ಕೇಳಬೇಕಾದ ಮಾತನ್ನು ಕೇಳಲು ಹೊರಟ. ಕಡಲು ದಾಟಿ ತಂದ ಮಾತು ಹೊಸಿಲಿನಲ್ಲಿ ನಿಂತುಬಿಟ್ಟಿತು.

ಜಗಲಿಯ ಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ಬುಟ್ಟಿ ಮುಚ್ಚಿಟ್ಟ ಒಂದು ಊಟದ ತಣಿಗೆ. ರೈತನ ಹೆಂಡತಿ ಅದನ್ನು ತೆಗೆದು ಕಳ್ಳನ ಮುಂದೆ ಇಟ್ಟಳು. ಬಿಸಿ ಮುದ್ದೆ, ಹುರುಳಿಯ ಸಾರು.

"ಉಣ್ಣಪ್ಪ" ಎಂದಳು. "ಯಾರೂ ಬರ್ದೆ ಇದ್ರೆ ನಾಯಿಗೆ ಹಾಕ್ತೀವಿ. ಇವತ್ತು ನಿನ್ ಪಾಲ್ಗೈತೆ."

ಅವನಿಗೆ ಹಸಿವಾಗಿತ್ತು. ಗಬಗಬನೆ ಅರ್ಧ ಮುದ್ದೆ ಉಂಡ. ಆಮೇಲೆ ಅವನ ಹಳೆಯ ಚಾಳಿ, ಕುತೂಹಲ, ತಲೆಯೆತ್ತಿತು.

"ಇದ ಯಾರ್ಗೆ ಅಂತ ಮುಚ್ಚಿಟ್ಟಿದ್ರವ್ವ?"

"ದನ ಕಾಯೋನ್ಗೆ."

"ಈಗ ದನ ಹೊಡ್ಕಂಡು ಬಂದ್ನಲ್ಲ, ಅವನ್ಗಾ?"

"ಇವನ ಪಾಲು ಬ್ಯಾರೆ ಕೊಡ್ತೀವಿ. ಇದು ಹಿಂದ್ಲೋನ್ದು."

ಹಿಂದಿನವನು ಎಲ್ಲಿ ಎಂದು ಕಳ್ಳ ಕೇಳಿದ. ಹೆಂಗಸು ಗಂಡನ ಮುಖ ನೋಡಿ ಒಳಗೆ ಹೋದಳು. ರೈತ ಹೇಳಿದ.

ಬಹಳ ವರ್ಷಗಳ ಹಿಂದೆ, ಒಂದು ಸಂಜೆ, ದನವೆಲ್ಲ ಬಂತು, ಅವರ ಹಸು ಬರಲಿಲ್ಲ. ಒಳಗೆ ಕರು ಕೂಗುತ್ತಿತ್ತು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ರೈತ ಓಡಿಹೋಗಿ ದನಗಾಹಿಯನ್ನು ಹಿಡಿದ. ಯಾರೋ ಒಬ್ಬ ಬಂದ, ಎಲೆ ಅಡಿಕೆ ಕೊಟ್ಟ, ಚೆನ್ನಾಗಿ ಮಾತಾಡಿದ, ನನಗೆ ಜೊಂಪು ಹತ್ತಿತು ಎಂದು ದನಗಾಹಿ ಅತ್ತ. ರೈತ ನಂಬಲಿಲ್ಲ. ನೀನೂ ಅವನೂ ಸೇರಿ ಮಾರಿದಿರಿ ಎಂದು ಬಾರುಕೋಲಿನಿಂದ ಹೊಡೆದ. ಇವನಿಗೆ ಯಾರೂ ಅನ್ನ ಹಾಕಬೇಡಿ ಎಂದು ಬೀದಿಯಲ್ಲಿ ನಿಂತು ಸಾರಿದ. ಆ ರಾತ್ರಿ ದನಗಾಹಿ ಎಂದಿನಂತೆ ಪಾತ್ರೆ ಹಿಡಿದು ಬಂದ. ಊರೆಲ್ಲ ಬಾಗಿಲು ಮುಚ್ಚಿತ್ತು. ಕೊನೆಗೆ ಈ ಮನೆಯ ಮುಂದೆ ನಿಂತ. ಏನೂ ಕೇಳಲಿಲ್ಲ, ಸುಮ್ಮನೆ ನಿಂತ. ಆಮೇಲೆ ಅವನನ್ನು ಯಾರೂ ಕಾಣಲಿಲ್ಲ. ಗುಡಿಸಲಿನಲ್ಲಿ ಅವನ ಹೆಂಡತಿಯೂ ಇರಲಿಲ್ಲ. ಕೆಲವು ತಿಂಗಳಾದ ಮೇಲೆ ಕಳ್ಳ ಸಿಕ್ಕಿದ, ಹಸು ಸಿಕ್ಕಿತು. ದನಗಾಹಿ ಹೇಳಿದ್ದೆಲ್ಲ ನಿಜವಾಗಿತ್ತು. ಅಂದಿನಿಂದ ಅವನ ಪಾಲಿನ ಊಟವನ್ನು ಪ್ರತಿ ಸಂಜೆ ಆ ಗೂಡಿನಲ್ಲಿ ಇಡುತ್ತಿದ್ದಾರೆ.

ಕಳ್ಳ ಕೈಯಲ್ಲಿದ್ದ ತುತ್ತನ್ನು ತಣಿಗೆಯಲ್ಲೇ ಇಟ್ಟ.

ಮಗೂ, ಕೇಳು. ಇಷ್ಟು ವರ್ಷ ಅವನು ಆ ಸಂಜೆಯನ್ನು ಎಷ್ಟು ಸಲ ಕಟ್ಟಿ ನೋಡಿದ್ದ! ಎಂದೂ ಕಾಣದ ಹೆಂಗಸನ್ನು ನೆನೆದಿದ್ದ. ಎಂದೂ ಕಾಣದ ಕರುವಿಗಾಗಿ ಮರುಗಿದ್ದ. ಆದರೆ ಆ ಹಗಲು ಅವನು ಕಣ್ಣಾರೆ ಕಂಡ ಮನುಷ್ಯ ಒಬ್ಬನೇ. ನೀರು ಕೊಟ್ಟವನು, ಜೊತೆಗೆ ಕುಳಿತು ನಕ್ಕವನು, ಚಂದ್ರಿ ಉಪ್ಪಿಗೆ ಬರುತ್ತಾಳೆ ಎಂದು ನಂಬಿ ಹೇಳಿದವನು. ಆ ದನಗಾಹಿಯೊಬ್ಬನನ್ನು ಮಾತ್ರ ಕಳ್ಳ ಒಮ್ಮೆಯೂ ನೆನೆದಿರಲಿಲ್ಲ. ದ್ವೀಪದಲ್ಲಿ ನೆರೆಯವನ ಕುತ್ತಿಗೆ ಹಿಡಿದ ಕೈ ಅವನದೇ ಆಗಿತ್ತು. ಹಸು ಕಳೆದುಕೊಂಡವನು ಮೊದಲು ಏನು ಮಾಡುತ್ತಾನೆ ಎಂಬುದಕ್ಕೆ ಉತ್ತರ ಆ ಕೈಯಲ್ಲೇ ಇತ್ತು. ಅವನು ಅದನ್ನು ಗಿಣ್ಣಿನ ಜೊತೆ ಮರೆತಿದ್ದ.

ಅವನು ತಣಿಗೆಯನ್ನು ಮೆಲ್ಲಗೆ ದೂರ ಸರಿಸಿದ.

"ಎಲೆ ಅಡಿಕೆ ಕೊಟ್ಟೋನು ನಾನೇ" ಎಂದ.

ರೈತ ದೀಪವನ್ನು ಹತ್ತಿರ ತಂದು ಅವನ ಮುಖ ನೋಡಿದ. ನ್ಯಾಯಾಲಯದಲ್ಲಿ ನೋಡದ ಮುಖವನ್ನು ಈಗ ಸರಿಯಾಗಿ ನೋಡಿದ. ಹೊಡೆಯುತ್ತಾನೆ ಎಂದು ಕಳ್ಳ ತಲೆ ತಗ್ಗಿಸಿದ. ರೈತ ದೀಪವನ್ನು ಕೆಳಗಿಟ್ಟ.

"ನನ್ನ ಹಸ ನಂಗೆ ಬಂತು. ನಿನ್ನ ಸಿಕ್ಸೆ ನೀನು ಉಂಡೆ. ನಿನ್ ಮ್ಯಾಲೆ ನಂಗೆ ಏನೂ ಇಲ್ಲ. ಆದ್ರೆ ನಾನು ಅವನ್ಗೆ ಹೊಡ್ದೆ, ಊರ್ ಬಾಗ್ಲೆಲ್ಲ ಹಾಕಿಸ್ದೆ. ನಂಗೆ ಯಾರೂ ಸಿಕ್ಸೆ ಕೊಡ್ನಿಲ್ಲ ಕಣಪ್ಪ."

"ಅವನು ಯಾವ ದಾರಿ ಹಿಡ್ದು ಹೋದ?"

"ಬಾಗ್ಲಲ್ಲಿ ನಿಂತಿದ್ದ. ನಾನು ಮೊಕ ತಿರುಗಿಸ್ಕಂಡು ಒಳೀಕ್ ಬಂದ್ಬುಟ್ಟೆ. ನೋಡ್ನಿಲ್ಲ."

"ಅವನ ಹೆಸ್ರು?"

ರೈತ ತಡವರಿಸಿದ. ಊರಿಗೆಲ್ಲ ಅವನು ದನ ಕಾಯುವವನು, ಅಷ್ಟೇ. ಒಳಗಿನಿಂದ ಹೆಂಡತಿ ಹೇಳಿದಳು.

"ಜವರಯ್ಯ."

ಇಬ್ಬರು ಮುದುಕರೂ ಜಗಲಿಯ ಮೇಲೆ ಕುಳಿತೇ ಬೆಳಗು ಮಾಡಿದರು. ಬೆಳಿಗ್ಗೆ ಕಳ್ಳ ಹೊರಟ. ರೈತ ಊರಬಾಗಿಲವರೆಗೆ ಬಂದ. ಅಲ್ಲಿಂದ ಮೂರು ದಾರಿ ಒಡೆಯುತ್ತವೆ. ಒಂದು ಹೊಳೆಯ ಕಡೆ, ಒಂದು ಗುಡ್ಡದ ಕಡೆ, ಒಂದು ಪೇಟೆಯ ಕಡೆ. ಕಳ್ಳ ಕುಕ್ಕರುಗಾಲಿನಲ್ಲಿ ಕುಳಿತು ನೆಲ ನೋಡಿದ. ಹೆಜ್ಜೆಯ ಗುರುತು ಅಳಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಈಗ ಅವನು ಎಷ್ಟೋ ವರ್ಷದ ಹಿಂದೆ ಒಬ್ಬ ಮನುಷ್ಯ ಇಟ್ಟ ಹೆಜ್ಜೆಯನ್ನು ಹುಡುಕುತ್ತಿದ್ದ. ಧೂಳಿನಲ್ಲಿ ಆ ಬೆಳಗಿನ ದನಗಳ ಗೊರಸಿನ ಗುರುತು ಬಿಟ್ಟರೆ ಬೇರೇನೂ ಇರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕೊನೆಯ ಕಡ್ಡಿ ಚುಚ್ಚಿ, ಹಚ್ಚಿದ ಎಲೆಯನ್ನು ತಿರುಗಿಸಿ ನೋಡಿ, ರಾಶಿಯ ಮೇಲೆ ಇಟ್ಟರು.

ಶಿಷ್ಯ ಕಾದ. ಕಾದು ಸಾಕಾಗಿ ಕೇಳಿದ.

"ಆಮೇಲೆ, ಗುರುಗಳೇ? ಅವನು ಯಾವ ದಾರಿ ಹಿಡಿದ? ಆ ಜವರಯ್ಯ ಸಿಕ್ಕನೇ?"

"ಅದಿರಲಿ" ಎಂದರು ಗುರುಗಳು. "ನಿನ್ನೆ ಸಂಜೆ ನೀನು ಹೊರಗೆ ಹಾಕಿದವನು ಯಾವ ದಾರಿ ಹಿಡಿದ?"

ಶಿಷ್ಯ ಮಠದ ಬಾಗಿಲ ಕಡೆ ತಿರುಗಿದ. ಕೈಯಲ್ಲಿದ್ದ ಎಲೆಯನ್ನು ಜಗಲಿಯ ಮೇಲೇ ಬಿಟ್ಟು ಎದ್ದ.